ಸ್ಕ್ಯಾನಿನಲ್ಲಿ ಕಾಣದ ಗ್ರಂಥಿ

ಪ್ಯಾರಾಥೈರಾಯ್ಡ್ ಕಾಯಿಲೆ ಪತ್ತೆಯಾಗುವುದು ರಕ್ತಪರೀಕ್ಷೆಯಲ್ಲಿ. ಸಾಮಾನ್ಯವಾಗಿ ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡಿರುವ, ಅಕ್ಕಿಕಾಳಿನಷ್ಟು ದೊಡ್ಡ ನಾಲ್ಕು ಗ್ರಂಥಿಗಳು ಪಿಟಿಎಚ್ ಎಂಬ ಹಾರ್ಮೋನಿನಿಂದ ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ಕಾಯುತ್ತವೆ. ಕ್ಯಾಲ್ಸಿಯಂ ಏರಿದರೆ ಪಿಟಿಎಚ್ ಇಳಿಯಬೇಕು. ಡೆಸಿಲೀಟರಿಗೆ 11 ಮಿಲಿಗ್ರಾಂ ಕ್ಯಾಲ್ಸಿಯಂ ಇರುವವರಲ್ಲಿ ಪಿಟಿಎಚ್ 55 ಇದೆ ಎನ್ನಿ. ಲ್ಯಾಬ್ ರಿಪೋರ್ಟಿನಲ್ಲಿ ಪಕ್ಕದಲ್ಲೇ 15ರಿಂದ 65 ಎಂದು ಅಚ್ಚಾಗಿರುವುದರಿಂದ ಅದು ನಾರ್ಮಲ್ ಎನಿಸುತ್ತದೆ. ಆದರೆ ಅಷ್ಟು ಕ್ಯಾಲ್ಸಿಯಂ ಇದ್ದಾಗ ಬಹುಪಾಲು ತಣ್ಣಗಿರಬೇಕಾದ ಗ್ರಂಥಿ ಇನ್ನೂ ದುಡಿಯುತ್ತಿದೆ. ಕಾಯಿಲೆಯ ಸುಳಿವು ಇರುವುದು ಅಲ್ಲೇ.

ರೂಢಿಯ ದೋಷ ಮುಂದಿನ ಹೆಜ್ಜೆಯಲ್ಲಿದೆ. ಕಿಡ್ನಿಕಲ್ಲೋ ಮೂಳೆ ಸವೆತವೋ ಕಂಡು ರೋಗಿ ಬಂದಾಗ ಸೆಸ್ಟಾಮಿಬಿ ಸ್ಕ್ಯಾನ್ ಬರೆಯಲಾಗುತ್ತದೆ. ‘ಅಡಿನೋಮಾ (ಗ್ರಂಥಿಯ ಗಡ್ಡೆ) ಕಾಣುತ್ತಿಲ್ಲ’ ಎಂಬ ಒಂದು ಸಾಲು ಬಂದರೆ ಫೈಲು ಮುಚ್ಚುತ್ತದೆ. ಇದು ಪ್ರಶ್ನೆಯನ್ನೇ ತಪ್ಪಾಗಿ ಕೇಳಿದಂತೆ. ಸ್ಕ್ಯಾನ್ ಇರುವುದು ಕೆಟ್ಟ ಗ್ರಂಥಿ ಎಲ್ಲಿದೆ ಎಂದು ಶಸ್ತ್ರವೈದ್ಯರಿಗೆ ತೋರಿಸಲು. ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸಲು ಅಲ್ಲ. ಈ ಸ್ಕ್ಯಾನಿಗೆ ಬಳಸುವ, ಟೆಕ್ನೀಶಿಯಂ ಬೆರೆಸಿದ ಸೆಸ್ಟಾಮಿಬಿ ಔಷಧ ಮೊದಲು ಬಂದದ್ದು ಹೃದಯದ ಚಿತ್ರ ತೆಗೆಯಲು. ಗಡ್ಡೆ ತೀರಾ ಚಿಕ್ಕದಿದ್ದರೆ, ಒಂದರ ಬದಲು ಹಲವು ಗ್ರಂಥಿಗಳು ಉಬ್ಬಿದ್ದರೆ ಅದು ಸುಲಭವಾಗಿ ಎಡವುತ್ತದೆ. ಥೈರಾಯ್ಡಿನಲ್ಲೇ ಗಂಟಿದ್ದರೆ ದಾರಿ ತಪ್ಪಿಸುವುದೂ ಉಂಟು. ಎದೆಗೂಡಿನೊಳಗೆ ಅಡಗಿದ ಗ್ರಂಥಿ ಅಲ್ಟ್ರಾಸೌಂಡಿಗೆ ಸಿಗುವುದಿಲ್ಲ. 4ಡಿ ಸಿಟಿ, ಕೋಲೀನ್ ಪೆಟ್ ಇವು ಹೆಚ್ಚು ಚುರುಕು, ಆದರೂ ಅವುಗಳ ಕೆಲಸವೂ ಹುಡುಕುವುದಷ್ಟೇ.

ಗ್ರಂಥಿ ಎಷ್ಟು ಚೆನ್ನಾಗಿ ಅಡಗಬಲ್ಲದು ಎಂಬುದಕ್ಕೆ ಅಮೆರಿಕದ ಹಡಗಿನ ಕ್ಯಾಪ್ಟನ್ ಚಾರ್ಲ್ಸ್ ಮಾರ್ಟೆಲ್ ಸಾಕ್ಷಿ. ಮೂಳೆ ಕರಗಿ ಆತ ಏಳು ಇಂಚು ಗಿಡ್ಡನಾಗಿದ್ದ. ರೋಗ ಯಾವುದೆಂದು ವೈದ್ಯರಿಗೆ ಅನುಮಾನವಿರಲಿಲ್ಲ. 1926ರಿಂದ ಆರು ಸಲ ಆಪರೇಷನ್ ಮಾಡಿದರೂ ಗಡ್ಡೆ ಸಿಗಲಿಲ್ಲ. 1932ರಲ್ಲಿ, ಏಳನೆಯ ಸಲ, ಎದೆಗೂಡಿನೊಳಗೆ ಸಿಕ್ಕಿತು. ಕೆಲವೇ ವಾರಗಳಲ್ಲಿ ಆತ ತೀರಿಕೊಂಡ.

ಹಾಗೆಂದು ಪಿಟಿಎಚ್ ಹೆಚ್ಚಿದ್ದವರಿಗೆಲ್ಲ ಈ ಕಾಯಿಲೆಯ ಹಣೆಪಟ್ಟಿ ಕಟ್ಟುವುದೂ ಸಲ್ಲ. ವಿಟಮಿನ್ ಡಿ ಕೊರತೆ, ಕಿಡ್ನಿ ವೈಫಲ್ಯ ಎರಡೂ ಪಿಟಿಎಚ್ ಏರಿಸುತ್ತವೆ. ಡಿ ಕೊರತೆ ಮನೆಮನೆಯ ಮಾತಾಗಿರುವ ಭಾರತದಲ್ಲಿ ಇದು ಸಣ್ಣ ತೊಡಕಲ್ಲ: ಅದೇ ಕೊರತೆ ಏರಿದ ಕ್ಯಾಲ್ಸಿಯಂ ಅನ್ನು ಮರೆಮಾಚಲೂ ಬಲ್ಲದು. ಲಿಥಿಯಂ, ಬಿಪಿಗೆ ಕೊಡುವ ಥಯಾಜೈಡ್ ಮಾತ್ರೆ ಕ್ಯಾಲ್ಸಿಯಂ ಏರಿಸಬಹುದು. ಮನೆತನದಲ್ಲೇ ಹರಿದು ಬರುವ ಇನ್ನೊಂದು ಸ್ಥಿತಿಯಲ್ಲಿ ರಕ್ತದ ಅಂಕಿಗಳು ಹೆಚ್ಚುಕಡಿಮೆ ಹೀಗೇ ಇರುತ್ತವೆ, ಮೂತ್ರದಲ್ಲಿ ಮಾತ್ರ ಕ್ಯಾಲ್ಸಿಯಂ ತೀರಾ ಕಡಿಮೆ. ಅವರಿಗೆ ಆಪರೇಷನ್‌ನಿಂದ ಪ್ರಯೋಜನವಿಲ್ಲ. ದಿನವಿಡೀ ಕ್ಯಾನಿನಲ್ಲಿ ಮೂತ್ರ ಕೂಡಿಡುವ, ರೋಗಿಗಳು ಗೊಣಗುವ ಆ 24 ಗಂಟೆಯ ಪರೀಕ್ಷೆ ದುಬಾರಿ ಸ್ಕ್ಯಾನಿಗಿಂತ ಮೊದಲು ಆಗಬೇಕು.

ರಕ್ತ, ಮೂತ್ರಗಳ ಲೆಕ್ಕ ಹೊಂದಿಕೊಂಡ ಮೇಲೆ ಸ್ಕ್ಯಾನ್ ಖಾಲಿ ಬಂದರೂ, ಈ ಗ್ರಂಥಿಗಳಲ್ಲಿ ಕೈ ಪಳಗಿದ ಶಸ್ತ್ರವೈದ್ಯರ ಬಳಿಗೆ ರೋಗಿಯನ್ನು ಕಳಿಸುವುದೇ ಸರಿ. ಅಂಥವರು ಕುತ್ತಿಗೆಯ ಎರಡೂ ಬದಿ ತೆರೆದು ನಾಲ್ಕೂ ಗ್ರಂಥಿಗಳನ್ನು ಕಣ್ಣಾರೆ ನೋಡುತ್ತಾರೆ. ಪಿಟಿಎಚ್ ರಕ್ತದಲ್ಲಿ ಕೆಲವೇ ನಿಮಿಷ ಬಾಳುವುದರಿಂದ ಗಡ್ಡೆ ತೆಗೆದ 10 ನಿಮಿಷಕ್ಕೆ ಟೇಬಲ್ ಮೇಲೇ ಮತ್ತೆ ರಕ್ತ ತೆಗೆಯುತ್ತಾರೆ. ಅರ್ಧಕ್ಕಿಂತ ಕೆಳಗೆ ಇಳಿದಿದ್ದರೆ ಹೊಲಿಗೆ ಹಾಕುತ್ತಾರೆ. ಇಲ್ಲದಿದ್ದರೆ ಉಳಿದ ಗ್ರಂಥಿಗಳ ಕಡೆ ಹುಡುಕಾಟ ಮುಂದುವರಿಯುತ್ತದೆ.