ಕೆರೆ ಉಕ್ಕಿತೋ, ಕೋಡಿ ಬಿತ್ತೋ?

ವೈಟ್‌ಫೀಲ್ಡಿನ ನಮ್ಮ ಆಫೀಸಲ್ಲಿ ಜಪಾನಿ ಕಲಿಯುತ್ತಿರೋ ಗೆಳೆಯನೊಬ್ಬನಿದ್ದಾನೆ. ಅವನಿಗೆ ಕ್ಯಾಮೆರಾ ಲೆನ್ಸ್ ಕೊಳ್ಳೋ ಹುಚ್ಚು. ಮೊನ್ನೆ ಇನ್ನೊಂದು ಲೆನ್ಸ್ ತಂದವನು, ‘ನುಮಾದಲ್ಲಿ ಬಿದ್ದೆ ಕಣೋ’ ಅಂದ. ನುಮಾ ಅಂದ್ರೆ ಜೌಗು, ತಳದಲ್ಲಿ ಕೆಸರು ತುಂಬಿದ ಮಡು. ಹವ್ಯಾಸಕ್ಕೆ ಕಾಲಿಟ್ಟು ಮೇಲೇಳಲಾಗದವರು ಅಲ್ಲಿ ಹಾಗನ್ನುತ್ತಾರೆ. ದೂರು ಸ್ವಲ್ಪ, ಹೆಮ್ಮೆ ಜಾಸ್ತಿ. ಅದಕ್ಕೇ ಕೆಸರನ್ನು ಸೇರಿಸಿ ‘ದೊರೊನುಮಾ’ ಅಂದರೆ ಹೆಮ್ಮೆ ಹೋಯ್ತು. ಅದು ಮುಗಿಯದ ಯುದ್ಧಕ್ಕೆ, ಎಳೆದಾಡೋ ವಿಚ್ಛೇದನಕ್ಕೆ ಹೇಳೋ ಮಾತು. ಸಿನಿಮಾದ ಕುರೊಸಾವಾ ಹೆಸರಲ್ಲೂ ಕಪ್ಪು ಜೌಗಿದೆ. ಟೊಯೊಟಾ, ಹೋಂಡಾ ಹೆಸರುಗಳ ಬಾಲದಲ್ಲಿರೋದು ‘ತಾ’, ಅಂದ್ರೆ ಗದ್ದೆ. ವರ್ತೂರು ರಸ್ತೆಯ ಟ್ರಾಫಿಕ್ಕಲ್ಲಿ ನಾವು ದಿನಾ ಗದ್ದೆಯ ಹಿಂದೆ ಗದ್ದೆ ನಿಂತಿರುತ್ತೇವೆ ಅನ್ನಿ.

ಕನ್ನಡದಲ್ಲಿ ಜೌಗಿಗೆ ಈ ಯೋಗವಿಲ್ಲ. ‘ಜೌಗು ಪ್ರದೇಶ’ ಭೂಗೋಳದ ಪಾಠದಲ್ಲಿ ಒಣಗಿ ಕೂತಿದೆ. ಕೆಸರು ರಾಜಕಾರಣಿಗಳ ಎರಚಾಟಕ್ಕೆ ಹೋಯಿತು. ಯೋಜನೆಗಳು ಹಳ್ಳ ಹಿಡಿಯುತ್ತವೆ. ಆದರೆ ಬಯಲುಸೀಮೆಯವರ ನಿಜವಾದ ಆಸ್ತಿ ಮನುಷ್ಯ ಕಟ್ಟಿದ ನೀರು, ಕೆರೆ. ಅದರ ಅಂಗಾಂಗಗಳಲ್ಲಿ ಮಾತಿಗೆ ಚೆನ್ನಾಗಿ ಒದಗಿದ್ದು ಕೋಡಿ.

ಕೋಡಿ ಅಂದ್ರೆ ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹೋಗಲಿ ಅಂತ ಏರಿಯ ಪಕ್ಕದಲ್ಲಿ ಬೇಕಂತಲೇ ಬಿಟ್ಟ ದಾರಿ. ಬೆಳ್ಳಂದೂರಿನ ಕೋಡಿ ನೀರು ವರ್ತೂರಿಗೆ, ವರ್ತೂರಿನದು ದಕ್ಷಿಣ ಪಿನಾಕಿನಿಗೆ. ಹಳ್ಳಿ ಕಡೆ ಕೋಡಿ ಬಿತ್ತು ಅಂದ್ರೆ ಇವತ್ತಿಗೂ ಹಬ್ಬ, ಬಾಗಿನ ಬಿಡ್ತಾರೆ. ಇಲ್ಲಿ ಕೋಡಿ ಸುದ್ದಿಯಾದದ್ದು ಅಲ್ಲಿಂದೆದ್ದ ನೊರೆ ರಸ್ತೆಗೆ ಹಾರಿ ಸ್ಕೂಟರಿನವರ ಮುಖಕ್ಕೆ ಬಡಿದಾಗ. 2015, 2017, 2018ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿಯೂ ಬಿತ್ತು. ಕೆರೆಗೆ ಬೆಂಕಿ! ಯಾವ ಕವಿಯಾದರೂ ಬರೆದಿದ್ದರೆ ಅತಿಯಾಯ್ತು ಅಂತಿದ್ವಿ.

2022ರ ಸೆಪ್ಟೆಂಬರ್ ನೆನಪಿದೆಯಲ್ಲ? ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ತಿಂಗಳು. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು, ‘ಕೆರೆ ಉಕ್ಕಿತು’. ನನ್ನ ತಕರಾರು ಈ ಕ್ರಿಯಾಪದದ ಮೇಲೆ. ಹಾಲು ಉಕ್ಕಿದರೆ ಒಲೆ ಮುಂದೆ ನಿಂತವರನ್ನು ಬೈತೀವಿ, ಕೆರೆ ಉಕ್ಕಿದರೆ ಮಾತ್ರ ಕೆರೆಯನ್ನೇ ಬೈತೀವಿ. ಅದೇ ಕೋಡಿ ಬಿತ್ತು ಅಂದು ನೋಡಿ: ಕೆರೆ ತನ್ನ ಕೆಲಸ ಸರಿಯಾಗಿ ಮಾಡಿತು ಅಂತಾಗುತ್ತೆ. ಆಗ ಮುಂದಿನ ಪ್ರಶ್ನೆ ತಾನಾಗೇ ಬರುತ್ತೆ, ಕೋಡಿಯಿಂದ ಹೊರಟ ನೀರು ಹೋಗೋ ದಾರಿಯಲ್ಲಿ ಲೇಔಟ್ ಮಾಡಿದ್ದು ಯಾರು?

‘ಕಣ್ಣೀರ ಕೋಡಿ’ ಅಂತ ಈಗಲೂ ಬರೆಯುತ್ತೇವೆ, ಸೀರಿಯಲ್ಲಿನ ಜಾಹೀರಾತಿನಲ್ಲೂ ಬರುತ್ತೆ. ಉಪಮೆ ಉಳಿದಿದೆ, ಉಪಮಾನ ಹೋಗಿದೆ. ಮೊನ್ನೆ ಜೋರು ಮಳೆ ಬಂದಾಗ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ ‘ಪಕ್ಕದ ಕೆರೆಯ ಕೋಡಿ ಎಲ್ಲಿದೆ, ಯಾರಿಗಾದರೂ ಗೊತ್ತಾ?’ ಅಂತ ಕೇಳಿದೆ.

‘ಯಾವ ಬ್ಲಾಕ್?’ ಅಂತ ಉತ್ತರ ಬಂತು.