ಒಳಗಿನ ಪಂಕ್ತಿ, ಬೀದಿಗೆ ಬಿದ್ದ ಡಬ್ಬಿ

ಒಟ್ಟಿಗೆ ಕೂತು ಉಣ್ಣುವ ಊಟವೇ ಕುಟುಂಬವನ್ನು ಹಿಡಿದಿಡುತ್ತದೆ ಎಂಬ ಮಾತನ್ನು ನಾವು ಪ್ರಶ್ನಿಸುವುದು ಕಡಿಮೆ. ವಿಶೇಷಾಂಕಗಳ ಪ್ರಬಂಧಗಳಲ್ಲಿ ಅಮ್ಮನ ಕೈತುತ್ತು, ಅಜ್ಜಿಯ ಸುತ್ತ ಕೂತ ಮೊಮ್ಮಕ್ಕಳು, ಬೆಳದಿಂಗಳ ಊಟ ಮತ್ತೆ ಮತ್ತೆ ಬರುತ್ತವೆ. ಅವೇನೂ ಸುಳ್ಳಲ್ಲ. ಆದರೆ ಆ ಹೊತ್ತಿನಲ್ಲಿ ಬಾಗಿಲ ಆಚೆ ಯಾರು ನಿಂತಿದ್ದರು ಎಂಬುದು ಅವುಗಳಲ್ಲಿ ಇರುವುದಿಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಮತ್ತೆ ಓದುವಾಗ ನನ್ನನ್ನು ತಡೆದು ನಿಲ್ಲಿಸಿದ್ದು ಆ ಬಾಗಿಲು. ಹಣ ಬಂದು ಮನೆಯೊಂದನ್ನು ಕೆಡಿಸಿದ ಕತೆಯೆಂದೇ ಈ ಕಿರುಕಾದಂಬರಿಯನ್ನು ಹೆಚ್ಚಾಗಿ ಓದಿದ್ದೇವೆ. ನನಗದು ಊಟದ ಕತೆಯಾಗಿಯೂ ಕಾಣುತ್ತದೆ.

ಆ ದೃಶ್ಯ ಓದಿದವರಿಗೆಲ್ಲ ನೆನಪಿರುತ್ತದೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಹೆಂಗಸೊಬ್ಬಳು ಮನೆಬಾಗಿಲಿಗೆ ಬರುತ್ತಾಳೆ. ಅವಳ ಕೈಯಲ್ಲಿ ಒಂದು ಡಬ್ಬಿ. ಅದರಲ್ಲಿ ಅವನಿಗೆ ಇಷ್ಟವಾದ ಮಸೂರ್ ಬೇಳೆಯ ಅಡುಗೆ. ಚಿಕ್ಕಪ್ಪ ಹೊರಗೆ ಬರುವುದಿಲ್ಲ. ನಿರೂಪಕನ ತಾಯಿಯೂ ಅಕ್ಕ ಮಾಲತಿಯೂ ಅವಳ ಮೇಲೆ ಬಾಯಿಗೆ ಬಂದಂತೆ ಹರಿಹಾಯುತ್ತಾರೆ. ಡಬ್ಬಿ ಬೀದಿಗೆ ಬಿದ್ದು ಅಡುಗೆ ಚೆಲ್ಲುತ್ತದೆ. ಹೊಸದಾಗಿ ಮನೆಗೆ ಬಂದ ಸೊಸೆ ಅನಿತಾಳಿಗೆ ಇದು ಅರಗುವುದಿಲ್ಲ. ಅವಳ ಗಂಡ, ಅಂದರೆ ನಮಗೆ ಕತೆ ಹೇಳುತ್ತಿರುವವನು, ಸುಮ್ಮನಿರುತ್ತಾನೆ.

ಈ ಮನೆಯವರ ಅನ್ನ ಹುಟ್ಟುವುದು ‘ಸೋನಾ ಮಸಾಲ’ ಎಂಬ ಕಂಪನಿಯಿಂದ. ಸಗಟಿನಲ್ಲಿ ಮಸಾಲೆ ಪದಾರ್ಥ ತರಿಸಿ, ಸಣ್ಣ ಪೊಟ್ಟಣ ಕಟ್ಟಿ ಅಂಗಡಿಗಳಿಗೆ ಮಾರುವ ವ್ಯವಹಾರ. ಊರಿನವರ ಅಡುಗೆಮನೆಗಳಿಗೆಲ್ಲ ರುಚಿ ಮಾರಿ ಬದುಕುವ ಕುಟುಂಬ, ಇನ್ನೊಂದು ಅಡುಗೆಮನೆಯಿಂದ ಪ್ರೀತಿಗಾಗಿ ಬಂದ ಒಂದು ಡಬ್ಬಿಯನ್ನು ಒಳಗೆ ಬಿಟ್ಟುಕೊಳ್ಳಲಾರದು. ಶಾನಭಾಗರು ಇದನ್ನು ಎಲ್ಲಿಯೂ ಎತ್ತಿ ಹೇಳುವುದಿಲ್ಲ.

ಹಣ ಬರುವ ಮೊದಲು ಈ ಮನೆ ಚೆನ್ನಾಗಿತ್ತಲ್ಲ ಎನ್ನಬಹುದು. ರೈಲುಡಬ್ಬಿಯಂತೆ ಒಂದರ ಹಿಂದೊಂದು ಇರುವ ನಾಲ್ಕು ಪುಟ್ಟ ಕೋಣೆಗಳ ಹಳೆಯ ಮನೆಯ ಪುಟಗಳು ನಿಜಕ್ಕೂ ಆಪ್ತವಾಗಿವೆ. ಒಂದು ಖರ್ಚು ಮಾಡಬೇಕಾದರೂ ಎಲ್ಲರೂ ಸೇರಿ ಮಾತಾಡಬೇಕು. ಅಪ್ಪನ ಲೆಕ್ಕ ತಾಳೆಯಾಗದಿದ್ದರೆ ಅದು ಇಡೀ ಮನೆಯ ಚಿಂತೆ. ಆದರೆ ಇರುವೆಗಳ ಪ್ರಸಂಗವನ್ನು ಗಮನಿಸಬೇಕು. ತಿನ್ನುವ ವಸ್ತುವನ್ನು ಮುತ್ತುವ ಇರುವೆಗಳ ಮೇಲೆ ಮನೆಮಂದಿಯೆಲ್ಲ ಒಂದಾಗಿ ಯುದ್ಧ ಹೂಡುತ್ತಾರೆ. ಬರಬರುತ್ತ ಕೊಲ್ಲುವುದರಲ್ಲೇ ಒಂದು ಹುರುಪು ಬರುತ್ತದೆ. ಇರುವೆಗಳು ಬಂದದ್ದೂ ತುತ್ತಿಗಾಗಿಯೇ. ಬಾಗಿಲಲ್ಲಿ ನಿಂತ ಹೆಂಗಸನ್ನು ಅಟ್ಟಿದ ಒಗ್ಗಟ್ಟು ಆ ಬಡತನದ ಅಡುಗೆಮನೆಯಲ್ಲೇ ಅಭ್ಯಾಸವಾಗಿತ್ತು. ಹಣ ಅದನ್ನು ಹುಟ್ಟಿಸಲಿಲ್ಲ, ಅದಕ್ಕೆ ದೊಡ್ಡ ಗೇಟು ಕಟ್ಟಿಕೊಟ್ಟಿತು.

ಕನ್ನಡದಲ್ಲಿ ಇದಕ್ಕೊಂದು ಹಿಂದಿನ ದಾರಿಯಿದೆ. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (1965) ನಾರಣಪ್ಪನ ಹೆಣ ಸುಡುವತನಕ ಅಗ್ರಹಾರ ಉಣ್ಣುವಂತಿಲ್ಲ. ಹಸಿದ ಪ್ರಾಣೇಶಾಚಾರ್ಯನಿಗೆ ಕಾಡಿನ ಕತ್ತಲಲ್ಲಿ ಬಾಳೆಹಣ್ಣು ಕೊಡುವವಳು ಚಂದ್ರಿ. ಯಾವ ಪಂಕ್ತಿಯಲ್ಲೂ ಜಾಗವಿಲ್ಲದವಳು. ಮುಂದೆ ಆಚಾರ್ಯ ಸೂತಕವಿದ್ದೂ ಮೇಳಿಗೆಯ ದೇವಸ್ಥಾನದ ಪಂಕ್ತಿಯಲ್ಲಿ ಕೂರುತ್ತಾನೆ, ಗುರುತು ಹಿಡಿದಾರೆಂಬ ಭಯದಲ್ಲಿ. ಅಲ್ಲಿ ಪಂಕ್ತಿಯನ್ನು ಕಾಯುವುದು ಶಾಸ್ತ್ರ. ಅದರೊಡನೆ ವಾದ ಮಾಡಬಹುದು, ಅದನ್ನು ಮುರಿಯಲೂಬಹುದು. ಸುಮಾರು ಅರ್ಧ ಶತಮಾನದ ನಂತರ ಶಾನಭಾಗರ ಮನೆಯಲ್ಲಿ ಶಾಸ್ತ್ರದ ಮಾತೇ ಇಲ್ಲ. ಅಲ್ಲಿ ಪಂಕ್ತಿಯನ್ನು ಕಾಯುವುದು ‘ನಮ್ಮವರು’ ಎಂಬ ಮಮತೆ. ಮಮತೆಯೊಡನೆ ವಾದ ಹೂಡುವುದು ಕಷ್ಟ. ಅನಿತಾ ಹೂಡಿದಳು, ಮನೆಗೆ ಮುಳ್ಳಾದಳು.

ದುಡಿಯದ ಗಂಡ ತಾನೇ ದುಡಿಯಲಿ ಎಂಬ ಅವಳ ಹಟವನ್ನೂ ಇದರ ಜೊತೆಗೇ ಓದಬೇಕು. ಚಿಕ್ಕಪ್ಪ ತಂದುಹಾಕುತ್ತಾನೆ, ಆದ್ದರಿಂದ ಅವನು ಎದ್ದಾಗ ಚಹಾ, ಅವನು ಕೇಳಿದಾಗ ತಿಂಡಿ. ಅನ್ನದ ಋಣ ಇಲ್ಲಿ ಬಾಯಿಗೆ ಬೀಗವಾಗಿದೆ. ಕೊನೆಯಲ್ಲಿ ಮನೆಯವರೆಲ್ಲ ಒಟ್ಟಿಗೆ ಕೂತು ಹರಟುತ್ತಾರೆ, ನಗುತ್ತಾರೆ. ಊರಿಗೆ ಹೋದ ಅನಿತಾಳ ಸುದ್ದಿಯಿಲ್ಲ. ಓದುಗರಿಗೆ ಭಯವಾಗುವುದು ಅವರು ಜಗಳವಾಡಿದಾಗಲ್ಲ, ಹೀಗೆ ಹೊಂದಿಕೊಂಡು ಕೂತಾಗ.

ಡಬ್ಬಿ ತಂದ ಹೆಂಗಸಿನ ಬಗ್ಗೆ ಕಾದಂಬರಿ ಹೆಚ್ಚೇನೂ ಹೇಳುವುದಿಲ್ಲ. ಅವಳ ಕಡೆಯ ಕತೆ ಬೇಕಿತ್ತು ಎಂದು ದೂರಬಹುದು. ನಾನು ದೂರುವುದಿಲ್ಲ. ಒಳಗೆ ಕೂತು ಉಂಡವನು ಹೇಳುತ್ತಿರುವ ಕತೆಯಿದು. ಅವನಿಗೆ ಗೊತ್ತಿರುವುದು ಅಷ್ಟೇ. ಇನ್ನು ಮುಂದೆ ಅಮ್ಮನ ಕೈತುತ್ತಿನ ಇನ್ನೊಂದು ಪ್ರಬಂಧ ಎದುರಾದಾಗ ಅದರ ಸವಿಯನ್ನು ನಾನು ಅಲ್ಲಗಳೆಯಲಾರೆ. ಆದರೆ ಆ ದಿನ ಬಡಿಸಿದವರು ಯಾವಾಗ ಉಂಡರು, ಬಾಗಿಲು ಯಾರಿಗೆ ಮುಚ್ಚಿತ್ತು ಎಂದು ಕೇಳದೆ ಪುಟ ತಿರುಗಿಸುವುದೂ ಆಗಲಾರದು.