ಕನ್ನಡಕದ ಹಿಂದಿನ ಕಣ್ಣು

ಅಲ್ಪ ಬಂಡವಾಳದ ಚಿತ್ರಗಳು ಸಾಮಾನ್ಯವಾಗಿ ತಮ್ಮ ಬಡತನವನ್ನು ಮುಚ್ಚಿಡಲು ಹೆಣಗುತ್ತವೆ. 2012ರ ಅಮೆರಿಕನ್ ಭಯಾನಕ ಚಿತ್ರ ‘ವಿ/ಎಚ್/ಎಸ್’ ಅದನ್ನೇ ರೀತಿಯಾಗಿ ಮಾಡಿಕೊಂಡಿದೆ. ಐದು ಕಥೆಗಳು, ಬೇರೆ ಬೇರೆ ನಿರ್ದೇಶಕರು. ಪೋಣಿಸುವ ದಾರವಾಗಿ ಇನ್ನೊಂದು ಕಥೆ. ವಿಡಿಯೋ ಟೇಪೊಂದನ್ನು ಕದಿಯಲು ಮನೆಗೆ ನುಗ್ಗಿದ ಪುಂಡರು ಮುದುಕನ ಹೆಣದ ಮುಂದೆ ಕುಳಿತು ಟೇಪುಗಳನ್ನು ನೋಡುತ್ತಾರೆ. ಹೆಣ ಮತ್ತು ಕಥೆಯ ಈ ಜೋಡಿ ನಮಗೇನೂ ಹೊಸದಲ್ಲ. ಆದರೆ ಬೇತಾಳನ ಕಥೆ ಕೇಳಿದ ವಿಕ್ರಮ ಉತ್ತರ ಕೊಡಲೇಬೇಕು. ಈ ಪುಂಡರಿಗೆ ಅಂಥ ಹಂಗಿಲ್ಲ. ದಾರ ಸಡಿಲವಾದದ್ದು ಅಲ್ಲಿಯೇ.

ಡೇವಿಡ್ ಬ್ರಕ್ನರ್ ಅವರ ಮೊದಲ ಕಥೆಯನ್ನು ಮಾತ್ರ ಮೆಚ್ಚಲೇಬೇಕು. ಮೂವರು ಯುವಕರಲ್ಲಿ ಒಬ್ಬನ ಕನ್ನಡಕದಲ್ಲಿ ಕ್ಯಾಮೆರಾ ಅಡಗಿದೆ. ಮದ್ಯದಂಗಡಿಯಲ್ಲಿ ಸಿಕ್ಕ ಹೆಣ್ಣುಗಳನ್ನು ಕೋಣೆಗೆ ಕರೆತಂದು ಗುಟ್ಟಾಗಿ ಚಿತ್ರಿಸುವ ಹುನ್ನಾರ. ಆ ಕನ್ನಡಕವೇ ನಮಗೂ ಕಣ್ಣು. ದೃಶ್ಯ ಅಲುಗಿದರೆ, ಮಸುಕಾದರೆ ದೂರುವಂತಿಲ್ಲ. ಕದ್ದು ನೋಡುವವನಿಗೆ ಕಾಣುವುದೇ ಅಷ್ಟು. ಹನ್ನಾ ಫಿಯರ್ಮನ್ ಅಭಿನಯಿಸಿದ ಹುಡುಗಿ ಕಣ್ಣರಳಿಸಿ ಕನ್ನಡಕವನ್ನೇ ದಿಟ್ಟಿಸುತ್ತಾಳೆ. ಅವಳ ನಿಜರೂಪ ಹೊರಬೀಳುವ ಮೊದಲೇ ನಮಗೆ ಭಯ—ಸಿಕ್ಕಿಬಿದ್ದವರ ಭಯ.

ಕಾಡಿನ ಕಥೆಯಲ್ಲಿ ಕೊಲೆಗಾರ ಕಂಡಾಗಲೆಲ್ಲ ಟೇಪು ಕೆಡುವ ಯುಕ್ತಿ ಚೆನ್ನಾಗಿದೆ, ಯುಕ್ತಿಯಾಗಿಯೇ ಉಳಿಯಿತು. ಚಿತ್ರ ಸುಮಾರು ಎರಡು ಗಂಟೆಯದು. ಮೊದಲ ಕಥೆ ಮುಗಿದ ಮೇಲೆ ನಮ್ಮ ಬೆನ್ನು ಮತ್ತೆ ಕುರ್ಚಿಗೆ ಒರಗಿತು.